ಚಕ್ರಕ್ಕೊಂದು ಒತ್ತು

ಟಕ್, ಟಕ್ ಟಕ್ — ಮತ್ತೆ ಶುರುವಾಯಿತು ಕೋಲು, ಗೇಟಿನ ಬಳಿಯ ಕುರ್ಚಿಯಿಂದ, ಬುಡದ ರಬ್ಬರು ಸವೆದು ಕೊಳವೆಯೇ ಸಿಮೆಂಟಿಗೆ ತಾಗುತ್ತಿದೆ, ಬ್ರೇಕ್ ಶೂ ತರಲು ಹೋದಾಗ ಅದನ್ನೂ ತರಬಹುದಿತ್ತು, ಮರೆತಳು, ಈಚೆಗೆ ತಲೆಯಲ್ಲಿ ಏನಾದರೂ ನಿಲ್ಲುವುದುಂಟೇ, ಒಂದನ್ನಿಟ್ಟರೆ ಇನ್ನೊಂದು ಜಾರುತ್ತದೆ, ಬಂದೆ ಇರ್ರೀ, ಎಂದಳು ಕಾರಿನ ಹಿಂದಿನಿಂದಲೇ, ಆದರೆ ಏಳಲಿಲ್ಲ, ಒಮ್ಮೆ ಕೂತ ಮಂಡಿಯನ್ನು ಎಬ್ಬಿಸುವುದೆಂದರೆ ಅದೇ ಒಂದು ದೊಡ್ಡ ಕೆಲಸ, ಮೊದಲು ಒಂದು ಕೈ ಊರಬೇಕು, ಆಮೇಲೆ ಇನ್ನೊಂದು, ಆಮೇಲೆ ಅಯ್ಯಮ್ಮಾ ಅನ್ನಬೇಕು, ಅದಿಲ್ಲದೆ ಸೊಂಟ ಏಳುವುದಿಲ್ಲ. ಇವರಿಗೆ ಲಕ್ವ ಹೊಡೆದು ಬಲಗಡೆಯೂ ಮಾತೂ ಒಟ್ಟಿಗೆ ಹೋದಾಗಿನಿಂದ ಆ ಕೋಲೇ ಇವರ ನಾಲಿಗೆ, ನೀರು ಬೇಕಾದರೆ ಟಕ್, ಬಿಸಿಲು ಮುಖಕ್ಕೆ ಬಂದರೆ ಟಕ್, ಬೀದಿಯಲ್ಲಿ ನಾಯಿ ಹೋದರೂ ಟಕ್, ಹಾಗೆ ನೋಡಿದರೆ ಮೊದಲೇನು ಕಡಿಮೆಯಿತ್ತೇ, ಏ ಇವಳೇ ಎಂದು ಅಂಗಳದಿಂದ ಕೂಗಿದರೆ ಒಲೆಯ ಮೇಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಬೇಕು, ಹಾಲು ಉಕ್ಕಿದರೆ ಉಕ್ಕಲಿ, ಬಸ್ ಡಿಪೋದಲ್ಲಿ ಹತ್ತಾರು ಜನರನ್ನು ಗದರಿಸಿಕೊಂಡೇ ಅರ್ಧ ಆಯುಷ್ಯ ಕಳೆದ ಹೆಡ್ ಮೆಕ್ಯಾನಿಕ್ಕಿಗೆ ಮನೆಯಲ್ಲಿ ಗದರಿಸಲು ಸಿಕ್ಕಿದ್ದವಳು ಇವಳೊಬ್ಬಳೇ, ಈಗ ನಾಲಿಗೆ ಬಿದ್ದರೂ ಅಧಿಕಾರ ಬಿದ್ದಿಲ್ಲ. ಬೆಳಿಗ್ಗೆ ಚಪ್ಪಲಿ ಹಾಕಿಸುವಾಗಲೂ ಹಾಗೇ, ಬಲಗಾಲಿನ ಬೆರಳುಗಳು ಒಳಕ್ಕೆ ಮಡಚಿಕೊಂಡು ಬಿಟ್ಟಿರುತ್ತವೆ, ಒಂದೊಂದನ್ನೇ ಬಿಡಿಸಿ ಪಟ್ಟಿಯೊಳಗೆ ತೂರಿಸಬೇಕು, ಕಾಲಿಗೆ ಅರಿವಿಲ್ಲದ್ದರಿಂದ ಚಪ್ಪಲಿ ಎಲ್ಲಿ ಕಳಚಿ ಬಿತ್ತೆಂದೂ ತಿಳಿಯುವುದಿಲ್ಲ, ಅದಕ್ಕೇ ಹಿಮ್ಮಡಿಯ ಸುತ್ತ ತನ್ನ ಹಳೆಯ ಲಂಗದ ಎಲಾಸ್ಟಿಕ್ಕು ಕಿತ್ತು ಹೊಲಿದು ಕೊಟ್ಟಿದ್ದಾಳೆ, ಕಂದು ಚಪ್ಪಲಿಗೆ ಬಿಳಿ ಎಲಾಸ್ಟಿಕ್ಕು, ಅದನ್ನು ನೋಡಿ ವ್ಯಾಯಾಮ ಮಾಡಿಸುವ ಹುಡುಗಿ ನಕ್ಕಳು, ಅಂಕಲ್‌ಗೆ ಒಳ್ಳೇ ಫ್ಯಾಷನ್ನು ಮಾಡಿದೀರಾ ಆಂಟೀ, ಆಮೇಲೆ ನಗು ನಿಲ್ಲಿಸಿ ಹೇಳಿದಳು, ಈ ತಿಂಗಳು ಮಾತ್ರ ಒಂದು ದಿನಾನೂ ತಪ್ಪಿಸ್ಬೇಡಿ, ಕಾಲು ಸ್ವಲ್ಪ ಮಾತು ಕೇಳ್ತಾ ಇದೆ, ಈಗ ಬಿಟ್ರೆ ಮತ್ತೆ ಕೇಳಲ್ಲ. ತಪ್ಪಿಸಬೇಡಿ ಅನ್ನುವುದು ಸುಲಭ, ಬಸ್ಸಿನ ಮೆಟ್ಟಿಲಿಗೆ ಇವರ ಕಾಲು ಏರುವುದಿಲ್ಲ, ಕಾರು ಬೇಕು, ಕಾರಿಗೆ ಬ್ರೇಕು ಬೇಕು, ನಿನ್ನೆ ಆಸ್ಪತ್ರೆಯಿಂದ ಬರುವ ಇಳುಕಲಿನಲ್ಲಿ ಕಾಲಿಟ್ಟರೆ ಪೆಡಲು ಹಾಗೇ ತಳಕ್ಕೆ ಹೋಯಿತು, ಹಿಂದಿನಿಂದ ಕಬ್ಬಿಣ ಕಬ್ಬಿಣ ಕೆರೆಯುವ ಕಿರ್ರೋ ಸದ್ದು, ಎದುರಿಗೆ ತರಕಾರಿ ಗಾಡಿ, ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು, ನಿಂತಿತು, ತರಕಾರಿಯವಳು ಬದನೆಕಾಯಿ ಎತ್ತಿ ತೋರಿಸಿ ಏನಮ್ಮಾ ಗಾಡಿ ಸಮೇತ ಕೊಂಡ್ಕೋತೀಯಾ ಎಂದಳು, ಇವರು ಪಕ್ಕದಲ್ಲಿ ಎಡಗೈಯಿಂದ ಡ್ಯಾಶ್‌ಬೋರ್ಡು ಹಿಡಿದು ಕೂತಿದ್ದರು, ಆ ಕಾಲು ಮಾತ್ರ ಏನೂ ಆಗಿಯೇ ಇಲ್ಲವೆಂಬಂತೆ ಬಿಳಿ ಎಲಾಸ್ಟಿಕ್ಕಿನ ಚಪ್ಪಲಿಯಲ್ಲಿ ಸುಮ್ಮನೆ ಇತ್ತು.

ಗ್ಯಾರೇಜಿನವನು ಬಿಟ್ಟು ಹೋಗಿ, ವಾರ ಆಗುತ್ತೆ ಎಂದ, ವಾರವಂತೆ, ನಾಳೆ ಬೆಳಿಗ್ಗೆಯೇ ಹೋಗಬೇಕು, ಅದಕ್ಕೇ ತಾನೇ ಕೂತಿದ್ದಾಳೆ, ಬಿಡಿಭಾಗದ ಅಂಗಡಿಯವನು ಕನ್ನಡಕದ ಮೇಲಿನಿಂದ ನೋಡಿದ, ಹಿಂದಿನ ಚಕ್ರದ ಬ್ರೇಕ್ ಶೂ ಯಾರಮ್ಮಾ ಹಾಕೋರು, ನಾನೇ, ನೀವಾ, ನಾನೇ ಕಣಪ್ಪಾ ಕೊಡು, ಕೊಟ್ಟ, ಕೊಡುವಾಗ ಹೇಳಿದ, ಹ್ಯಾಂಡ್ ಬ್ರೇಕ್ ಬಿಟ್ಟಿರ್ಬೇಕು ಅಮ್ಮಾ, ಇಲ್ದಿದ್ರೆ ಶೂ ಮುಚ್ಚಿರೋ ಡ್ರಮ್ಮು ತಲೆಕೆಳಗಾದ್ರೂ ಬರಲ್ಲ, ಅದು ಇವಳಿಗೆ ಗೊತ್ತಿರಲಿಲ್ಲ, ಉಳಿದದ್ದೆಲ್ಲ ಗೊತ್ತು, ಮದುವೆಯಾದ ಹೊಸದರಿಂದ ರಜೆಯ ದಿನವೆಲ್ಲ ಇವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಟ್ಟು ಬಿಚ್ಚುವ ಪಾನಾ ಕೊಟ್ಟವಳಲ್ಲವೇ, ಯಾವುದು ಎಂದು ಕೇಳುವ ಮೊದಲೇ ಕೊಡಬೇಕು, ತಪ್ಪಿದರೆ ಕಣ್ಣಿಲ್ವಾ ಎಂಬ ಬೈಗುಳ, ಹಿಂದಿನ ಚಕ್ರ ಮಾತ್ರ ಮನೆಯಲ್ಲಿ ಎಂದೂ ಬಿಚ್ಚಿದವರಲ್ಲ, ಅದಕ್ಕೆ ಡಿಪೋಗೆ ಒಯ್ಯುತ್ತಿದ್ದರು, ಇಲ್ಲಿ ಮುಂದಿನವೇ, ಆದರೇನು, ಚಕ್ರ ಚಕ್ರವೇ. ನೆಲದ ಮೇಲಿರುವಾಗಲೇ ನಟ್ಟು ಸಡಿಲ ಮಾಡು, ಎತ್ತಿದ ಮೇಲಲ್ಲ — ಮಾಡಿದಳು, ಪಾನಾದ ಹಿಡಿಕೆಯ ಮೇಲೆ ಎರಡೂ ಕಾಲಿಟ್ಟು ಹತ್ತಿ ನಿಂತಳು, ಮಹಡಿ ಮನೆಯ ಮೇಷ್ಟ್ರು ಹಲ್ಲುಜ್ಜುತ್ತಾ ಬಾಲ್ಕನಿಯಿಂದ ಬಗ್ಗಿ ಏನಕ್ಕಾ ಸರ್ಕಸ್ಸು ಶುರು ಮಾಡಿದ್ರಾ ಎಂದರು, ಟಿಕೆಟ್ ತಗೊಂಡು ಬನ್ನಿ ಮೇಷ್ಟ್ರೇ ಎಂದಳು, ಅಷ್ಟರಲ್ಲಿ ನಟ್ಟು ಕಿರ್ರೆಂದು ಬಿಟ್ಟುಕೊಂಡಿತು, ಬಿದ್ದೇ ಬಿಡುತ್ತಿದ್ದಳು. ಚಕ್ರಕ್ಕೆ ಇಟ್ಟಿಗೆ, ಅದೂ ಆಯಿತು, ಅದೇ ಹಳೆಯ ಇಟ್ಟಿಗೆ, ಒಂದು ಮೂಲೆ ಮುರಿದದ್ದು, ಅದೇ ಜಾಗದಲ್ಲಿ, ಬಲಗಡೆ ಹಿಂದಿನ ಚಕ್ರದ ಮುಂದೆ, ಇವರು ಕರೆದು ತಾನು ಓಡಿ ಬರುವಷ್ಟರಲ್ಲಿ ಅದು ಯಾವಾಗಲೂ ಅಲ್ಲಿ ಕೂತಿರುತ್ತಿತ್ತು, ಯಾವಾಗ ಇಟ್ಟರು ಏಕೆ ಇಟ್ಟರು ಎಂದು ಅವಳು ಕೇಳಿದ್ದೂ ಇಲ್ಲ ಇವರು ಹೇಳಿದ್ದೂ ಇಲ್ಲ, ಅವಳ ವಿದ್ಯೆಯೆಲ್ಲ ಏ ಇವಳೇ ಎಂಬಲ್ಲಿಂದ ಶುರು. ಜಾಕಿನ ತಲೆ ಬಾಡಿಯ ದಪ್ಪ ಅಂಚಿಗೇ ಕೂರಬೇಕು, ತೆಳು ತಗಡಿಗಲ್ಲ, ಕೂರಿಸಿದಳು, ತಿರುಗಿಸಿದಳು, ತಿರುಗಿಸಿ ನಿಂತು ಉಸಿರಾಡಿದಳು, ರಾತ್ರಿಯೆಲ್ಲ ಇವರನ್ನು ಎಬ್ಬಿಸಿ ಕೂರಿಸಿ ಮಲಗಿಸಿದ ತೋಳು ಇದೇ ತಾನೇ, ಮನುಷ್ಯನನ್ನು ಎತ್ತಲು ಯಾರೂ ಜಾಕು ಮಾಡಿಲ್ಲ, ಕಾರು ಇಷ್ಟಿಷ್ಟೇ ಏಳುತ್ತದೆ, ನಿದ್ದೆಗಣ್ಣಿನ ಎಮ್ಮೆ ಏಳುವ ಹಾಗೆ, ಮೊದಲು ಹಿಂಭಾಗ, ಎದ್ದ ಮೇಲೆ ಅಡಿಗೆ ಕಬ್ಬಿಣದ ಸ್ಟ್ಯಾಂಡು, ಜಾಕ್ ಇರೋದು ಎತ್ತೋಕೆ ಕಣೇ, ಹೊತ್ತು ನಿಲ್ಲೋಕಲ್ಲ, ಅದನ್ನ ನಂಬಿ ಕೈಯಿಟ್ಟೋನ ಕೈ ಅವನದ್ದಲ್ಲ, ಎಷ್ಟು ಸಲ ಕೇಳಿದ್ದಾಳೆ, ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬನಿಗೂ ಇದೇ ಪಾಠ, ಊಟಕ್ಕೆ ಕೂತಾಗ ಮಗಳಿಗೂ ಇದೇ ಪಾಠ, ಸ್ಟ್ಯಾಂಡಿನ ಮೇಲೆ ಭಾರ ಇಳಿಸಿ ಇವರ ಹಾಗೆಯೇ ಅಂಗೈಯಿಂದ ಕಾರಿನ ಬೆನ್ನನ್ನು ತಳ್ಳಿ ನೋಡಿದಳು, ಅಲುಗಲಿಲ್ಲ, ನೋಡಿ ಎಂದು ಇವರ ಕಡೆ ತಿರುಗಿದಳು, ಒಂದೇ ಒಂದು ಸಲ ತಲೆಯಾಡಿಸಲಿ ಎಂಬ ಆಸೆ ಇತ್ತೇನೋ, ಇವರು ಕಾರನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು, ಗೇಟಿನವರೆಗೆ ಸ್ವಲ್ಪವೇ ಇಳಿಜಾರಾಗಿರುವ ಸಿಮೆಂಟು ನೆಲ, ಮಳೆನೀರು ಹೋಗಲೆಂದು ಇವರೇ ಹಾಕಿಸಿದ್ದು.

ಬಲಗಡೆಯ ಆ ಹಿಂದಿನ ಚಕ್ರವನ್ನೇ ಕಳಚಿದಳು, ಚಕ್ರವಿದ್ದ ಜಾಗದಲ್ಲಿ ಇಟ್ಟಿಗೆ ಅಡ್ಡ ಸಿಕ್ಕಿತು, ಕೂರಲು ಬಿಡುತ್ತಿಲ್ಲ, ಕಾಲಲ್ಲಿ ಆಚೆ ತಳ್ಳಿದಳು, ಕಾರಿನೊಳಗೆ ಹೋಗಿ ಹ್ಯಾಂಡ್ ಬ್ರೇಕು ಇಳಿಸಿದಳು, ಗೇರು ತಪ್ಪಿಸಿದಳು, ಡ್ರಮ್ಮು ತಿರುಗಬೇಕಲ್ಲ, ಆಗಲೇ ಈ ಟಕ್ ಟಕ್ ಜೋರಾದದ್ದು. ಎದ್ದಳು, ಅಯ್ಯಮ್ಮಾ, ಗ್ರೀಸಿನ ಕೈಯನ್ನು ಸೆರಗಿಗೆ ಒರೆಸಿ ಮನೆಯೊಳಗಿನಿಂದ ನೀರು ತಂದು ಬಾಯಿಗೆ ಹಿಡಿದಳು, ಇವರು ಎಡಗೈಯಿಂದ ಲೋಟಕ್ಕೆ ಬಡಿದರು, ನೀರು ಅವಳ ಎದೆಯ ಮೇಲೆ, ಲೋಟ ಇಳಿಜಾರಿನಲ್ಲಿ ಠಣ ಠಣ ಉರುಳಿ ಗೇಟಿನ ಸಂದಿಗೆ, ಕೋಲು ಎತ್ತಿ ಕಾರನ್ನು ತೋರಿಸುತ್ತಾರೆ, ಗಂಟಲಲ್ಲಿ ಏನೋ ಗೊರಗೊರ, ಸ್ಟ್ಯಾಂಡು ಇಟ್ಟಿದೀನಿ ಕಣ್ರೀ, ನೋಡ್ರೀ ಬೇಕಾದ್ರೆ, ನಟ್ಟೂ ಮೊದಲೇ ಸಡಿಲ ಮಾಡ್ದೆ, ಇನ್ನೇನು ತಪ್ಪು ಹಿಡೀತೀರಾ, ಇವರು ತಲೆಯನ್ನು ಅತ್ತ ಇತ್ತ ಅತ್ತ ಇತ್ತ ಆಡಿಸಿದರು, ಕಣ್ಣಲ್ಲಿ ಅದೇ ಹಳೆಯ ಕೋಪ, ನಿಂಗೇನ್ ಗೊತ್ತು ಸುಮ್ನಿರು, ಹೊಸದರಲ್ಲಿ ಡ್ರೈವಿಂಗು ಕಲಿಸುತ್ತೇನೆಂದು ಮೈದಾನಕ್ಕೆ ಕರೆದೊಯ್ದು ಹೀಗೇ ಗದರಿಸಿ ಅಳಿಸಿ ವಾಪಸ್ಸು ಕರೆತಂದವರು, ಲಕ್ವ ಹೊಡೆದ ಮೇಲೆ ಅವಳು ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತಳು, ಅಲ್ಲಿಯ ಹೆಂಗಸು ಪಕ್ಕದಲ್ಲಿ ಕೂತು, ಅಜ್ಜೀ ಮೊದ್ಲು ಬ್ರೇಕ್ ಒತ್ತಿ, ದೇವರನ್ನ ಆಮೇಲೆ ನೆನೆಸ್ಕೊಳ್ಳಿ, ನಗಿಸಿ ನಗಿಸಿ ಕಲಿಸಿದಳು, ಇಷ್ಟು ವರ್ಷದಲ್ಲಿ ಒಂದು ಸಲ ನಗಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಎಂದು ಬಾಯಿವರೆಗೂ ಬಂತು, ಮಾತು ಬಾರದವರ ಮುಂದೆ ಮಾತಾಡಿ ಗೆದ್ದರೆ ಅದೂ ಒಂದು ಗೆಲುವೇ, ಹೊಡ್ಕೊಳ್ಳಿ ನಿಮ್ಮ ಕೋಲು, ನಂಗೆ ಕೆಲಸ ಇದೆ, ಎಂದು ಬೆನ್ನು ಹಾಕಿ ಬಂದಳು, ಲೋಟವನ್ನೂ ಎತ್ತಿಕೊಳ್ಳಲಿಲ್ಲ.

ಡ್ರಮ್ಮು ಬರುತ್ತಿಲ್ಲ, ತುಕ್ಕು ಕಚ್ಚಿಕೊಂಡಿದೆ, ಸುತ್ತಿಗೆಯಿಂದ ಸುತ್ತಲೂ ತಟ್ಟಬೇಕು, ತಟ್ಟಿ ಎಳೆಯಬೇಕು, ಎಳೆದರೆ ಕಾರು ಸಣ್ಣಗೆ ಒಮ್ಮೆ ನರಳಿತು, ಹಳೆಯ ಕಾರು, ಯಾವುದಕ್ಕೂ ನರಳುತ್ತದೆ, ತಾನೇನು ನರಳುವುದಿಲ್ಲವೇ, ಟಕ್ ಟಕ್ ಟಕ್ ಟಕ್, ಮೇಷ್ಟ್ರು ಬಾಲ್ಕನಿಯ ಬಾಗಿಲು ಹಾಕಿಕೊಂಡರು, ಪುಣ್ಯವಂತರು, ಮುಚ್ಚಲು ಬಾಗಿಲಿದೆ, ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಗುಂಯ್ ಅನ್ನುತ್ತಿದೆ, ಮಗಳು, ಗ್ರೀಸಿನ ಕೈಯಲ್ಲೇ ಒತ್ತಿದಳು, ಅಮ್ಮಾ ಏನದು ಸದ್ದು, ನಿಮ್ಮಪ್ಪನ ಭಾಷಣ, ಅಲ್ಲಮ್ಮಾ ಆ ಢಣಢಣ, ಬ್ರೇಕು, ಅಯ್ಯೋ ನಿಂಗೆ ಹುಚ್ಚಾ, ಭಾನುವಾರ ನಮ್ಮನೆಯವರು ಬಂದು ನೋಡ್ತಾರೆ ಅಂದ್ನಲ್ಲ, ನಾಳೆ ವ್ಯಾಯಾಮಕ್ಕೆ ಭಾನುವಾರ ಬಂದ್ಮೇಲೆ ಹೋಗ್ಲಾ, ಒಂದಿನ ತಪ್ಪಿದ್ರೆ ಏನಾಗುತ್ತೆ, ಏನಾಗುತ್ತೋ ನಂಗೊತ್ತು, ನಿಂಗೇನಾದ್ರೂ ಆದ್ರೆ ಅಪ್ಪನ್ನ ಯಾರು ಎತ್ತೋರು ಹೇಳು, ಯಾರು ಎತ್ತೋರು, ಇಡ್ತೀನಮ್ಮಾ ಕೈ ಗಲೀಜು ಎಂದಳು. ಯಾರು ಎತ್ತೋರು, ರಾತ್ರಿ ಎದ್ದು ಇವರ ಕಂಕುಳಿಗೆ ತೋಳು ಹಾಕುವಾಗ ದಿನವೂ ಬರುವ ಯೋಚನೆ ಅದೇ, ತನ್ನ ಸೊಂಟ ಒಂದು ದಿನ ಹಿಡಿದುಕೊಂಡರೆ ಇಬ್ಬರೂ ಮಂಚದ ಎರಡು ಕಡೆ ಮಲಗಿ ಜಂತಿ ನೋಡುತ್ತಿರಬೇಕಾಗುತ್ತದೆ, ಅಷ್ಟೇ, ಕೋಲು ಕುಟ್ಟಿದರೂ ಕೇಳಿಸಿಕೊಂಡು ಏಳುವವರಿಲ್ಲ — ಕೋಲು, ಅರೆ, ಕೋಲು ನಿಂತಿದೆ, ಯಾವಾಗ ನಿಂತಿತೋ, ಅಬ್ಬ, ಎಷ್ಟು ಹಿತವಾಗಿದೆ, ತೂಕಡಿಸಿರಬೇಕು, ಬಿಸಿಲಿಗೆ ನಿದ್ದೆ ಹತ್ತಿರಬೇಕು, ಮಲಗಲಿ, ತಾನೂ ಇಲ್ಲೇ ಈ ಕಾರಿಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದರೆ, ಇಲ್ಲ, ಮುಗಿಸಿಬಿಡಬೇಕು, ಎರಡೂ ಕೈ ಡ್ರಮ್ಮಿನ ಅಂಚಿಗೆ ಹಾಕಿ, ಕಾಲನ್ನು ಕಾರಿನ ಕೆಳಗೆ ಚಾಚಿ ಊರಿಕೊಂಡು, ಇನ್ನೊಂದು ಸಲ, ಕಾರು ಮತ್ತೆ ನರಳಿತು, ಈ ಸಲ ಉದ್ದಕ್ಕೆ, ಮೊಣಕೈ ತಾಗಿ ನೆಲದ ಮೇಲಿಟ್ಟಿದ್ದ ನಟ್ಟೊಂದು ಉರುಳಿತು, ಕಾರಿನ ಕೆಳಗೆ ಓಡಿತು, ಹಾಳಾದ್ದು, ಅವಳು ಕೆನ್ನೆಯನ್ನು ನೆಲಕ್ಕೆ ತಾಗಿಸಿ ಬಗ್ಗಿ ನೋಡಿದಳು, ನಟ್ಟು ಇಳಿಜಾರಿನಲ್ಲಿ ಉರುಳುತ್ತಾ ಉರುಳುತ್ತಾ ನೆರಳು ದಾಟಿ ಮುಂದಿನ ಚಕ್ರದ ಆಚೆಗೆ ಹೋಗಿ ಯಾವುದಕ್ಕೋ ತಾಗಿ ನಿಂತಿತು, ಚಪ್ಪಲಿ, ಕಂದು ಚಪ್ಪಲಿ, ಬಿಳಿ ಎಲಾಸ್ಟಿಕ್ಕು.

ಲೋಟ ಉರುಳಿದ ಕಡೆಗೇ ನಟ್ಟು ಉರುಳಿದೆ, ನಟ್ಟು ಉರುಳಿದ ಕಡೆಗೇ ಕಾರು ಮುಖ ಮಾಡಿದೆ, ಹ್ಯಾಂಡ್ ಬ್ರೇಕು ಇಳಿಸಿದೆ, ಗೇರು ತಪ್ಪಿಸಿದೆ, ಇಟ್ಟಿಗೆ ಇಲ್ಲೇ ತನ್ನ ಪಕ್ಕದಲ್ಲಿ ಬಿದ್ದಿದೆ, ಮೇಲೆತ್ತಿದ ಚಕ್ರಕ್ಕೆ ಇಟ್ಟಿಗೆ ಏಕೆ ಬೇಕು, ನೆಲದ ಮೇಲಿರುವ ಚಕ್ರಕ್ಕಲ್ಲವೇ ಬೇಕಾದದ್ದು, ಇವರು ಮುಂದಿನದನ್ನು ಎತ್ತುತ್ತಿದ್ದರು, ಹಿಂದಿನದಕ್ಕೆ ಇಡುತ್ತಿದ್ದರು, ದೇವರೇ, ಅಷ್ಟೇ, ಇಷ್ಟೂ ಹೊತ್ತು ಕುಟ್ಟಿದ್ದು ಅಷ್ಟನ್ನೇ, ಸ್ಟ್ಯಾಂಡು ಸೆಟೆದು ನಿಂತಿಲ್ಲ, ವಾಲಿದೆ, ತನ್ನ ಕಾಲು ಅದರ ಪಕ್ಕದಲ್ಲೇ ಇದೆ, ಕೂಗಬಾರದು, ಎಳೆಯಬಾರದು, ಮಲಗಿದ ಮಗುವಿನ ಬೆನ್ನಿನಿಂದ ಕೈ ತೆಗೆಯುವ ಹಾಗೆ ಡ್ರಮ್ಮಿನಿಂದ ಒಂದೊಂದೇ ಬೆರಳು ತೆಗೆದಳು, ಕಾಲನ್ನು ಮೆಲ್ಲಗೆ ಹೊರಗೆಳೆದುಕೊಂಡಳು, ಇಟ್ಟಿಗೆಯನ್ನು ಎದೆಗವುಚಿ ಮಂಡಿಯ ಮೇಲೆಯೇ ಕಾರನ್ನು ಸುತ್ತಿ ತೆವಳಿದಳು, ಅಯ್ಯಮ್ಮಾ ಎನ್ನಲಿಲ್ಲ. ಇವರು ಕುರ್ಚಿಯಿಂದ ಜಾರಿ ನೆಲಕ್ಕೆ ಬಂದು, ಪೃಷ್ಠ ಎಳೆದುಕೊಂಡು ಬಂದು, ಬಂಪರಿಗೆ ಭುಜ ಕೊಟ್ಟು ಕೂತಿದ್ದಾರೆ, ಮುಖವೆಲ್ಲ ಬೆವರು, ಕೋಲನ್ನು ಚಕ್ರಕ್ಕೆ ಅಡ್ಡ ಇಟ್ಟಿದ್ದಾರೆ, ಅದು ಸಾಲದೆಂದು ಕಂಡಿರಬೇಕು, ಅದರ ಹಿಂದೆ ಆ ಕಾಲು, ಅರಿವಿಲ್ಲದ ಕಾಲು, ಬೆಳಿಗ್ಗೆ ಅವಳು ಎತ್ತಿಡುವ ಹಾಗೆಯೇ ಎಡಗೈಯಿಂದ ಎತ್ತಿ ಟೈರಿಗೆ ಅಡ್ಡ ಇಟ್ಟಿದ್ದಾರೆ, ಮಂಡಿಯನ್ನು ಇನ್ನೂ ಅದುಮಿ ಹಿಡಿದಿದ್ದಾರೆ, ಹೇಗಿದ್ದರೂ ಕೆಲಸಕ್ಕೆ ಬಾರದ ಕಾಲು, ಹೋದರೆ ಇದು ಹೋಗಲಿ ಎಂಬಂತೆ, ಕಾರಿನಡಿ ಚಾಚಿದ ಇವಳ ಕಾಲು ಉಳಿದರೆ ಸಾಕು ಎಂಬಂತೆ, ಏನ್ರೀ ಇದು, ಏನ್ ಮಾಡ್ಕೊಂಡ್ರಿ, ಎಂದಳು, ಇಟ್ಟಿಗೆಯನ್ನು ಚಕ್ರದ ಸಂದಿಗೆ ಕೊಟ್ಟು ಹಿಮ್ಮಡಿಯಿಂದ ಒದ್ದು ಬಿಗಿ ಮಾಡಿದಳು, ಇನ್ನೊಮ್ಮೆ ಒದ್ದಳು, ಇವರು ಇಟ್ಟಿಗೆಯನ್ನು ನೋಡಿದರು, ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿದರು, ಆಮೇಲೆ ಒಂದೇ ಒಂದು ಸಲ, ತಲೆಯಾಡಿಸಿದರು. ಕಾಲು ಬರುತ್ತಿಲ್ಲ, ಚಪ್ಪಲಿಯ ಅಂಚು ಟೈರಿನಡಿ ಸಿಕ್ಕಿದೆ, ಎಲಾಸ್ಟಿಕ್ಕು ಬಿಡಿಸಿದಳು, ಮಡಚಿದ ಬೆರಳುಗಳನ್ನು ಒಂದೊಂದಾಗಿ ಪಟ್ಟಿಯಿಂದ ಈಚೆ ತೆಗೆದಳು, ತೆಗೆದು ಕಾಲನ್ನು ಮಡಿಲಲ್ಲಿ ಇಟ್ಟುಕೊಂಡಳು, ಬೆಚ್ಚಗಿದೆ, ಕಿರುಬೆರಳ ಪಕ್ಕ ತರಚಿದೆ ಅಷ್ಟೇ, ಎದ್ದು ಜಾಕು ಕೊಡಬೇಕು, ಸ್ಟ್ಯಾಂಡು ನೆಟ್ಟಗೆ ಮಾಡಬೇಕು, ಆಚೆಯ ಚಕ್ರಕ್ಕೂ ಒಂದು ಕಲ್ಲು ಹುಡುಕಬೇಕು, ನಾಳೆ ಬೆಳಿಗ್ಗೆ ಇವರನ್ನು, ನಾಳೆ ಬೆಳಿಗ್ಗೆ, ಏಳಬೇಕು, ಏಳುತ್ತಾಳೆ, ಇನ್ನೊಂದು ಗಳಿಗೆ, ಕಾರಿನ ಚಕ್ರದಡಿಯಲ್ಲಿ ಚಪ್ಪಲಿ, ಕಾಲಿಲ್ಲದ ಕಂದು ಚಪ್ಪಲಿ, ಅಂಚಿನ ಮೇಲೆ ಟೈರಿನ ಕಪ್ಪು ಅಚ್ಚು, ಹಿಂದೆ ಸಡಿಲವಾಗಿ ಬಿದ್ದ ತನ್ನ ಕೈಹೊಲಿಗೆಯ ಬಿಳಿ ಎಲಾಸ್ಟಿಕ್ಕು, ಚಪ್ಪಲಿ, ಆ ಚಪ್ಪಲಿ —