ಕಕ್ಕಸಿನ ಕವಾಟ

"ಪೈಪು ಒಡೆದ್ರೆ ಅದು ಪೈಪಿನ ತಪ್ಪಲ್ಲ ಕಣೋ ಬೋಳಿಮಗನೆ, ಹಿಡಿದವನ ತಪ್ಪು!" ಎಂದು ಹೊರ್ತೊಪಾನ್ ಅರಚಿದ. ಅರಚಿದ ರಭಸಕ್ಕೆ ಬಾಯಲ್ಲಿದ್ದ ಸಾಸೇಜಿನ ಚೂರೊಂದು ಹಾರಿ ತ್ರೈಲಾನ ಅಂಗಿಯ ಮೇಲೆ ಕೂತಿತು. "ನಿಮ್ಮಪ್ಪ, ನಿಮ್ಮಜ್ಜ, ನಿಮ್ಮ ಇಡೀ ಜಿಪ್ಸಿ ಕುಲಾನೇ ಬೆಂಕಿ ಜತೆ ಮಲಗಿ ಎದ್ದಿದ್ದು. ನಿಂಗೆ ಬೆಂಕಿ ಅಂದ್ರೆ ಈಗ ಭಯವಾ?"

"ನಂಗ್ಯಾವ ಭಯಾನೂ ಇಲ್ಲ ಧಣಿ" ಎಂದ ತ್ರೈಲಾ. ತಮ್ಮಂದಿರಿಬ್ಬರೂ ಪಕ್ಕದಲ್ಲೇ ನಿಂತಿದ್ದರು. ಅವರೆದುರು ಅವನು ಬೇರೆ ಏನು ಹೇಳಿಯಾನು? ಬಟ್ಟೆ ಸುತ್ತಿದ ಬಲಗೈಯನ್ನು ಎದೆಗೊತ್ತಿಕೊಂಡು ನೆಲ ನೋಡಿದ.

ಶೆಡ್ಡಿನ ಬಾಗಿಲಲ್ಲಿ ಕೂತು ಮರಳು, ಹುಳಿರಸ ಹಾಕಿ ತಾಮ್ರದ ಹಂಡೆ ಉಜ್ಜುತ್ತಿದ್ದ ಅವನ ಹೆಂಡತಿ ಜಂಬೀಲಾಗೆ ಮೈಯೆಲ್ಲ ಉರಿದುಹೋಯಿತು. ಮೂರು ದಿನದ ಹಿಂದೆ ಇವಳ ಕಣ್ಣೆದುರೇ ಆದದ್ದು ಅದು. ಪ್ಲಮ್ಮಿನ ಸಾರಾಯಿ ಇಳಿಸುವ ಹಂಡೆಗೆ ತ್ರೈಲಾ ಕೊಳವೆ ಬೆಸೆಯುತ್ತಿದ್ದಾಗ ಬೆಂಕಿ ಉಗುಳುವ ಬೆಸುಗೆ ಟಾರ್ಚು ಟಪ್ ಟಪ್ ಅಂತು, ಮುಂದೆ ಉರಿಯಬೇಕಾದ ಬೆಂಕಿ ಹಿಂದಕ್ಕೆ ತಿರುಗಿ ಪೈಪಿನೊಳಗೆ ನುಗ್ಗಿತು. ಪೈಪು ಅವನ ತೋಳಿನ ಪಕ್ಕದಲ್ಲೇ ಸಿಡಿಯಿತು. ಪುಣ್ಯಕ್ಕೆ ಅಲ್ಲೇ ಸಿಡಿಯಿತು. ಇನ್ನು ನಾಲ್ಕು ಮಾರು ಓಡಿ ಸಿಲಿಂಡರು ಮುಟ್ಟಿದ್ದರೆ ಅಣ್ಣತಮ್ಮಂದಿರು ಮೂವರನ್ನೂ ಬುಟ್ಟಿಯಲ್ಲಿ ಆರಿಸಿಕೊಂಡು ಬರಬೇಕಿತ್ತು.

"ಬೆಂಕಿ ವಾಪಸ್ ಹೋಗ್ದಂಗೆ ತಡೆಯೋ ಕವಾಟ ಅಂತ ಬರ್ತದೆ ಧಣಿ" ಎಂದಳು ಜಂಬೀಲಾ, ಉಜ್ಜುವುದನ್ನು ನಿಲ್ಲಿಸದೆ. "ಗ್ಯಾಸಿಗೊಂದು, ಆಕ್ಸಿಜನ್ನಿಗೊಂದು. ಅದನ್ನ ಹಾಕ್ಸಿ."

"ಏ ಲಂಗದವಳೇ, ನಿನ್ನನ್ನ ಯಾರೇ ಕೇಳಿದ್ದು? ಅದು ಹಗುರದ ಟಾರ್ಚು. ಆಟದ ಸಾಮಾನು ಇದ್ದಂಗೆ ಐತೆ. ಅದಕ್ಕೆ ಕವಾಟ ಯಾಕೆ?"

"ಟಾರ್ಚು ಹಗುರ ಧಣಿ. ಸಿಲಿಂಡರ್ ಹಗುರ ಅಲ್ಲ."

ಹೊರ್ತೊಪಾನ್ ಸಾಸೇಜು ನುಂಗಿ ಕಾರು ಹತ್ತಿದ. ಈ ಹಂಡೆಗಳನ್ನು ಅವನು ಜರ್ಮನರಿಗೆ ಮಾರುತ್ತಿದ್ದ, ಜತೆಗೆ ಅಣ್ಣತಮ್ಮಂದಿರ ಫೋಟೋ ಅಂಟಿಸಿ. ಫೋಟೋದಲ್ಲಿ ಅವನಿಗೆ ಇವರ ದೊಡ್ಡ ಟೋಪಿ, ದಪ್ಪ ಮೀಸೆ ಬೇಕಿತ್ತು. ಮೀಸೆಯ ಕೆಳಗಿನ ಬಾಯಿ ಬೇಡವಾಗಿತ್ತು.

ಅವನು ಎಷ್ಟೇ ಹಾರಾಡಿದರೂ ಸುದ್ದಿ ಎಲ್ಲಿಗೋ ಮುಟ್ಟಿತ್ತು. ಗುರುವಾರ ತಪಾಸಣೆಯ ಸಾಹೇಬರು ಬರುತ್ತಾರೆಂದು ಗೊತ್ತಾಯಿತು. ಬುಧವಾರವೇ ಹೊರ್ತೊಪಾನ್ ಸಂತೆಯಿಂದ ಬೇರೆ ಪೈಪು, ಎರಡು ಹಿತ್ತಾಳೆಯ ತುಂಡು ತಂದು, ಬಿಳಿ ಟೇಪು ಸುತ್ತಿ, ಇಕ್ಕಳದಲ್ಲಿ ತಿರುಚಿ ತಿರುಚಿ ಪೈಪಿಗೆ ಸಿಕ್ಕಿಸಿದ. "ತಗೊಳ್ರಪ್ಪ, ರಾಜರ ಹಂಗೆ ಬಾಳಿ!"

ಜಂಬೀಲಾ ಬಗ್ಗಿ ನೋಡಿದಳು. ಬೆಂಕಿಗೆ ಎರಡು ಬೆರಳು ಕೊಟ್ಟ ಮೇಲೆ ಅವಳಪ್ಪ ಮಗಳನ್ನು ಕೂರಿಸಿಕೊಂಡು ಕಲಿಸಿದ್ದ ವಿದ್ಯೆ ಇದು. ಗ್ಯಾಸಿನ ನಟ್ಟು ಎಡಕ್ಕೆ ತಿರುಗುತ್ತದೆ, ಅದರ ಅಂಚಿಗೆ ಗೀರು ಇರುತ್ತದೆ. ಆಕ್ಸಿಜನ್ನಿನದು ಬಲಕ್ಕೆ. ಒಂದರದ್ದು ಇನ್ನೊಂದಕ್ಕೆ ಕೂರಬಾರದು ಎಂದೇ ಹಾಗೆ ಮಾಡಿರುವುದು. ಇಲ್ಲಿ ಎರಡೂ ಬಲಕ್ಕೇ ಇದ್ದವು. ಒಳಗೆ ರಬ್ಬರಿನ ಬಿಲ್ಲೆ ಬೇರೆ.

"ಅಯ್ಯೋ ನಿನ್ನ ಮನೆ ಹಾಳಾಗ! ಇದು ನೀರಿಂದಲ್ವಾ? ಕಕ್ಕಸಿನ ತೊಟ್ಟಿಗೆ ಹಾಕೋದು!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೈದುನರಿಗೂ ನಗು ತಡೆಯಲಾಗಲಿಲ್ಲ. ತ್ರೈಲಾ ಒಬ್ಬ ನಗಲಿಲ್ಲ. ನಾಳೆ ಅದನ್ನು ಕೈಯಲ್ಲಿ ಹಿಡಿಯಬೇಕಾದವನು ಅವನು.

ಸಾಹೇಬರು ಬಂದರು. ಟಾರ್ಚಿನ ಕಡೆ ಒಂದು ಸಲ, ಸಾರಾಯಿ ಶೀಸೆಯ ಕಡೆ ಮೂರು ಸಲ ನೋಡಿದರು.

"ಕವಾಟ ಇದೆಯಲ್ಲ. ಸರಿ ಇದೆ" ಎಂದರು.

"ಅದು ಕಕ್ಕಸಿಂದು ಸ್ವಾಮಿ" ಎಂದಳು ಜಂಬೀಲಾ.

ಸಾಹೇಬರು ಹೊರ್ತೊಪಾನನ ಕಡೆ ತಿರುಗಿ, "ಇವರಿಗೆ ಕಕ್ಕಸು ಅಂದ್ರೆ ಏನು ಅಂತ ಗೊತ್ತಿರೋದೇ ದೊಡ್ಡದು ಬಿಡಿ" ಎಂದರು. ಇಬ್ಬರೂ ನಕ್ಕರು. ಆಮೇಲೆ ತ್ರೈಲಾನ ಮುಂದೆ ಕಾಗದ ಹಿಡಿದು, "ಸುರಕ್ಷತೆ ಸಾಮಾನು ಕೊಟ್ಟಿದಾರೆ ಅಂತ ರುಜು ಹಾಕಪ್ಪ" ಎಂದರು. ತ್ರೈಲಾಗೆ ಓದು ಬರದು. ಸುಟ್ಟ ಕೈಯಲ್ಲಿ ಪೆನ್ನು ನಿಲ್ಲಲಿಲ್ಲ. ಸಾಹೇಬರೇ ಅವನ ಹೆಬ್ಬೆಟ್ಟು ಹಿಡಿದು ಒತ್ತಿಸಿದರು, ಆಮೇಲೆ ತಮ್ಮ ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು.

ಮಾರನೆಯ ಬೆಳಿಗ್ಗೆ ಜಂಬೀಲಾ ಬಸ್ಸು ಹತ್ತಿ ಮೆದಿಯಾಶ್ ಪೇಟೆಗೆ ಹೋದಳು. ಅಂಗಡಿಯೊಳಗೆ ಕಾಲಿಡುತ್ತಲೇ ಕಾವಲಿನವನೊಬ್ಬ ಬೆನ್ನಿಗೆ ಬಿದ್ದ.

"ಯಾಕಪ್ಪ, ಮದುವೆ ಆಗಿಲ್ವಾ? ಹಿಂದೆ ಹಿಂದೆ ಬರ್ತಿದೀಯ?" ಎಂದಳು. ಅವನು ಕೆಂಪಾಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಗಲ್ಲಾದ ಹಿಂದಿದ್ದ ಮುದುಕ ಕನ್ನಡಕದ ಮೇಲಿಂದ ನೋಡಿ, "ಭವಿಷ್ಯ ಹೇಳಿಸ್ಕೊಳ್ಳಲ್ಲ ನಾನು" ಎಂದ.

"ನಿನ್ನ ಭವಿಷ್ಯ ಯಾವಳಿಗೆ ಬೇಕು? ಹಗುರದ ಟಾರ್ಚಿಗೆ ಕವಾಟ ಕೊಡು. ಸಿಲಿಂಡರ್ ಕಡೆಗೆ ಬೆಂಕಿ ತಡೆಯೋವು ಎರಡು, ಎಡದ್ದೊಂದು ಬಲದ್ದೊಂದು. ಹಿಡಿ ಹತ್ರಕ್ಕೆ ಸಣ್ಣವು ಎರಡು. ದಪ್ಪವು ಹಿಡೀಲಿ ಹಾಕಿದ್ರೆ ಮಣಿಕಟ್ಟು ಬಿದ್ದೋಗ್ತದೆ, ದಿನಾಪೂರ್ತಿ ಎತ್ಕೊಂಡು ಇರ್ಬೇಕಲ್ಲ."

ಮುದುಕ ಎದ್ದುಹೋಗಿ ನಾಲ್ಕು ಡಬ್ಬಿ ತಂದಿಟ್ಟ. ಅವಳು ಒಂದೊಂದನ್ನೂ ತೆಗೆದು, ನಟ್ಟಿನ ಗೀರು ಸವರಿ, ಬಾಯಿಂದ ಊದಿ ನೋಡಿದಳು. ಒಂದು ಕಡೆಯಿಂದ ಗಾಳಿ ಹೋಯಿತು, ಇನ್ನೊಂದು ಕಡೆಯಿಂದ ಹೋಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಇಷ್ಟೇ ಇಷ್ಟು ಸಾಮಾನು ಇದ್ದಿದ್ದರೆ ಅವಳ ಗಂಡನ ಚರ್ಮ ಅವನ ಮೈಮೇಲೇ ಇರುತ್ತಿತ್ತು. ಕೊಳ್ಳುವಷ್ಟು ಕೈಯಲ್ಲಿರಲಿಲ್ಲ. ದರದ ಚೀಟಿ ಬರೆಸಿಕೊಂಡು ಬಂದಳು.

ಹೊರ್ತೊಪಾನ್ ಆ ಚೀಟಿಯಲ್ಲಿ ಮೂಗು ಒರೆಸಿಕೊಂಡ.

"ಲಾರಿ ಹೊರಗೆ ನಿಂತೈತೆ. ಮೂರು ಹಂಡೆ ಬಾಕಿ ಐತೆ. ಹಚ್ಚೋ ತ್ರೈಲಾ! ಇಲ್ಲಾಂದ್ರೆ ನಾಳೆ ಈ ಶೆಡ್ಡಿಗೆ ಬೇರೆ ಜಿಪ್ಸಿ ಬರ್ತಾರೆ."

ತ್ರೈಲಾ ಟಾರ್ಚಿನತ್ತ ಎಡಗೈ ಚಾಚಿದ. ಹೆದರಿಕೆ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಆಡಿದ ಗಂಡಸು ತಮ್ಮಂದಿರ ಮುಂದೆ ಮತ್ತೆ ಟೋಪಿ ಇಟ್ಟುಕೊಳ್ಳುವಂತಿರಲಿಲ್ಲ.

ಜಂಬೀಲಾ ಎದ್ದಳು. ಸೊಂಟದಿಂದ ಹಿಮ್ಮಡಿವರೆಗಿನ ಹೂವಿನ ಲಂಗವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಟಾರ್ಚನ್ನು ದಾಟಿದಳು. ಕೆಂಪು ಪೈಪು ದಾಟಿದಳು. ನೀಲಿ ಪೈಪು ದಾಟಿದಳು. ಹೋಗಿ ಸಿಲಿಂಡರುಗಳ ಮೇಲೆ ಲಂಗದ ಅಂಚನ್ನು ನಿಧಾನಕ್ಕೆ ಬೀಸಿ ಎಳೆದಳು, ಒಂದು ಸಲ ಅಲ್ಲ, ಎರಡು ಸಲ.

ತ್ರೈಲಾನ ಕೈ ಕೆಂಡ ಮುಟ್ಟಿದಂತೆ ಹಿಂದಕ್ಕೆ ಬಂತು. ಮೈದುನರು ಗೋಡೆಗೆ ಅಂಟಿಕೊಂಡರು.

"ಅತ್ತಿಗೇ! ಏನ್ ಮಾಡ್ಬಿಟ್ಟೆ! ಮೈಲಿಗೆ ಮಾಡ್ಬಿಟ್ಯಲ್ಲಾ!"

"ಮಾಡ್ದೆ ಕಣ್ರಪ್ಪ. ಹೋಗಿ ಹಿರೀಕರಿಗೆ ಹೇಳ್ರಿ, ಪಂಚಾಯ್ತಿ ಸೇರಿಸ್ಲಿ. ನನ್ನನ್ನ ಕುಲದಿಂದ ಹೊರಗೇ ಹಾಕ್ಲಿ. ಹೊರಗೆ ಕೂತು ಗಂಡನ ಜತೆ ರೊಟ್ಟಿ ತಿಂತೀನಿ. ಗಂಡ ಇರ್ತಾನಲ್ಲ!"

ಹೊರ್ತೊಪಾನಿಗೆ ತಲೆಬುಡ ತಿಳಿಯಲಿಲ್ಲ. "ಏನ್ರೋ ಇದು? ಹಚ್ಚೋ!"

"ಆಗಾಕಿಲ್ಲ ಧಣಿ" ಎಂದ ತ್ರೈಲಾ. ಪೈಪು ಸಿಡಿದ ಮೇಲೆ ಮೊದಲ ಸಲ ಅವನ ತಲೆ ಮೇಲೆದ್ದಿತ್ತು. "ಹೆಂಗಸಿನ ಲಂಗ ದಾಟಿದ ಸಾಮಾನು ನಾವು ಮುಟ್ಟಾಕಿಲ್ಲ. ಸತ್ರೂ ಮುಟ್ಟಾಕಿಲ್ಲ."

"ತೊಳೀರೋ, ಹಲ್ಕಾಗಳಾ!"

"ತೊಳೆದ್ರೆ ಹೋಗಾಕಿಲ್ಲ. ಟಾರ್ಚು, ಪೈಪು, ಕವಾಟ ಎಲ್ಲಾ ಹೊಸದಾಗ್ಬೇಕು."

"ಬೇರೆ ಜಿಪ್ಸಿಗಳನ್ನ ಕರೆಸ್ತೀನಿ!"

"ಕರೆಸ್ರಿ ಧಣಿ" ಎಂದಳು ಜಂಬೀಲಾ. "ಅವರು ಬರೋ ದಾರೀಲಿ ನಿಂತು ನಾನೇ ಹೇಳ್ತೀನಿ."

ಹೊರಗೆ ಲಾರಿ ಹಾರ್ನು ಹೊಡೆಯಿತು. ಹೊರ್ತೊಪಾನ್ ಕೋಟು ಕಳಚಿ ಎಸೆದ. "ನಿಮ್ಮಪ್ಪನ ಆಸ್ತಿ ಏನ್ರೋ ಈ ವಿದ್ಯೆ? ನಾನೇ ಬೆಸೀತೀನಿ, ನೋಡ್ತಾ ಇರ್ರಿ!" ಎಂದು ಟಾರ್ಚು ಎತ್ತಿಕೊಂಡು ಗ್ಯಾಸು ತಿರುಗಿಸಿದ. ಅದು ಬುಸುಗುಟ್ಟಿತು.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಟೋಪಿ ಎತ್ತಿಕೊಂಡು ಸರಸರನೆ ಹೊರಗೆ ನಡೆದರು, ರಸ್ತೆ ದಾಟಿ, ಆಚೆಯ ಕಲ್ಲುಗೋಡೆಯ ಹಿಂದಕ್ಕೇ ಹೋಗಿ ಕೂತರು. ಲಾರಿಯವನೂ ಅವರನ್ನು ನೋಡಿ ಗಾಡಿ ಬಿಟ್ಟು ಓಡಿದ. ಜಂಬೀಲಾ ಎಲ್ಲರಿಗಿಂತ ಕೊನೆಗೆ ಹೊರಟಳು, ಗೋಡೆಯ ಮೇಲಿಂದ ಕುತ್ತಿಗೆ ಚಾಚಿ ಕೂಗಿದಳು: "ಹಚ್ಚಿ ಧಣಿ! ನಾವು ನೋಡ್ತಾ ಇದೀವಿ!"

ಶೆಡ್ಡಿನ ಬಾಗಿಲಲ್ಲಿ ಹೊರ್ತೊಪಾನ್ ಪೂರ್ತಿ ಕಾಣಿಸುತ್ತಿದ್ದ. ಒಂದು ಕೈಯಲ್ಲಿ ಬುಸುಗುಟ್ಟುವ ಟಾರ್ಚು, ಇನ್ನೊಂದರಲ್ಲಿ ಕಿಡಿ ಹೊಡೆಯುವ ಕಡ್ಡಿ. ಅವನು ಸಿಲಿಂಡರು ನೋಡಿದ. ಬಾಗಿಲು ನೋಡಿದ. ಮತ್ತೆ ಸಿಲಿಂಡರು ನೋಡಿದ. ಕಡ್ಡಿ ಹಿಡಿದ ಕೈ ಮಾತ್ರ ಮೇಲೇಳಲಿಲ್ಲ.