ದನಿ ಕಡಿಯುವ ಗುಂಡಿ

ನಟರಿಗೆ ಮಾತು ಮರೆತುಹೋಗುವುದು ನೆಗಡಿಯಷ್ಟೇ ಸಾಮಾನ್ಯ. ರಂಗದ ಮೇಲಾದರೆ ಪರದೆಯ ಸಂದಿಯಿಂದ ಪಿಸುಗುಟ್ಟಿದರೆ ಕೆಲಸ ಮುಗಿಯಿತು. ಟೆಲಿವಿಷನ್ನಿನಲ್ಲಿ ಹಾಗಲ್ಲ, ಆ ಪಿಸುಮಾತು ಇಡೀ ಇಂಗ್ಲೆಂಡಿಗೆ ಕೇಳಿಸಿಬಿಡುತ್ತದೆ. ಅದಕ್ಕೇ ನನ್ನ ಕೈಗೆ ಒಂದು ಗುಂಡಿ ಕೊಟ್ಟಿದ್ದರು. ಯಾರಾದರೂ ತಡವರಿಸಿದರೆ ಗುಂಡಿ ಒತ್ತಬೇಕು, ಪ್ರಸಾರದ ದನಿ ಕಡಿದುಹೋಗುತ್ತದೆ. ಮರೆತ ಮಾತನ್ನು ಎತ್ತಿಕೊಟ್ಟು ಗುಂಡಿ ಬಿಡಬೇಕು. ಮನೆಯಲ್ಲಿ ಕೂತವರು ತಮ್ಮ ಪೆಟ್ಟಿಗೆಯೇ ಕೆಟ್ಟಿತೆಂದು ಅದರ ತಲೆಗೆ ಎರಡು ಬಾರಿಸುತ್ತಿದ್ದರು, ಪಾಪ!

ಆಗ ನಾಟಕವನ್ನು ಹಿಡಿದಿಟ್ಟುಕೊಂಡು ಮತ್ತೆ ತೋರಿಸುವ ಅನುಕೂಲ ನಮಗಿರಲಿಲ್ಲ. ಭಾನುವಾರ ಸಂಜೆ ಆಡಿದ್ದನ್ನು ಗುರುವಾರ ಅದೇ ಜನ ಬಂದು, ಮತ್ತೆ ಬಣ್ಣ ಬಳಿದುಕೊಂಡು, ಮೊದಲಿನಿಂದ ಆಡಬೇಕು. ಈ ಗುರುವಾರ ಅನ್ನುವುದೊಂದು ಇರದಿದ್ದರೆ ನನ್ನ ಬದುಕು ಬೇರೆಯೇ ಆಗುತ್ತಿತ್ತು.

ಆ ವಾರದ ನಾಟಕ ‘ಆರನೆಯ ಕುರ್ಚಿ’. ಬಾಡಿಗೆಗೆ ಕೋಣೆ, ಊಟ ಕೊಟ್ಟು ಬದುಕುವ ವಿಧವೆಯೊಬ್ಬಳು ಸಮುದ್ರದಲ್ಲಿ ಸತ್ತ ಮಗನಿಗಾಗಿ ದಿನವೂ ಊಟದ ಮೇಜಿಗೆ ಒಂದು ಖಾಲಿ ಕುರ್ಚಿ ಹೆಚ್ಚಿಗೆ ಹಾಕುತ್ತಾಳೆ. ಆ ವಿಧವೆಯ ಪಾತ್ರವನ್ನು ಹೆಸ್ಟರ್ ಪ್ಯಾಸ್ಕೋಗೆ ಕೊಟ್ಟಿದ್ದರು. ಹೆಸ್ಟರ್‌ಗೆ ಅರವತ್ತು ದಾಟಿತ್ತು. ಆಕೆಯ ಒಬ್ಬನೇ ಮಗ ಡೆನ್ಜಿಲ್ ಯುದ್ಧದಲ್ಲಿ ಹಡಗಿನ ಜೊತೆ ಮುಳುಗಿಹೋಗಿದ್ದ. ಬುದ್ಧಿ ನೆಟ್ಟಗಿದ್ದವರು ಯಾರಾದರೂ ಅಂಥ ಪಾತ್ರವನ್ನು ಅಂಥ ಹೆಂಗಸಿಗೆ ಕೊಡುತ್ತಾರೆಯೇ?

ನಿರ್ದೇಶಕ ಲಾಕಿಯರ್‌ನನ್ನು ಮುಖದ ಮೇಲೇ ಕೇಳಿದೆ.

“ಅದಕ್ಕೇ ಕೊಟ್ಟಿರೋದು ಕ್ವೀನಿ,” ಎಂದ. “ಕಣ್ಣೀರಿಗೆ ಗ್ಲಿಸರಿನ್ ಖರ್ಚು ಉಳೀತು.”

“ನಿಮ್ಮ ನಾಲಿಗೆಗೆ ಹುಳ ಬೀಳ!” ಎಂದೆ. ಅವನು ನಕ್ಕ.

ಭಾನುವಾರ ಎಲ್ಲ ಚೆನ್ನಾಗಿಯೇ ಸಾಗಿತ್ತು. ಕೊನೆಯ ದೃಶ್ಯದಲ್ಲಿ ವಿಧವೆ ಖಾಲಿ ಕುರ್ಚಿಯ ಕಡೆ ತಿರುಗಿ ಒಂದು ಮಾತು ಹೇಳಬೇಕು. ಹೆಸ್ಟರ್ ತಿರುಗಿದಳು, ಬಾಯಿ ತೆರೆದಳು, ಮಾತು ಬರಲಿಲ್ಲ. ಪ್ರಸಾರದ ದನಿಯೂ ಮೇಲಿನ ಕೋಣೆಯಲ್ಲಿ ಕೂತ ಲಾಕಿಯರ್‌ನ ಅಪ್ಪಣೆಯೂ ಕೇಳಿಸುವ ಹೆಡ್‌ಫೋನನ್ನು ನಾನು ಕಿವಿಯಿಂದ ಕುತ್ತಿಗೆಗೆ ಜಾರಿಸಿ, ಗುಂಡಿ ಒತ್ತಿ, ಮಾತು ಎತ್ತಿಕೊಟ್ಟೆ: “ಯಾರದು? ಬಂದಿದ್ದರೆ ಮಾತಾಡು.”

ಆಕೆ ಮಿಸುಕಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದೆ. ಆಗ ಎಚ್ಚರವಾದವಳಂತೆ ತಲೆಯಾಡಿಸಿದಳು. ಗುಂಡಿ ಬಿಟ್ಟೆ. ಹೆಸ್ಟರ್ ಅದೇ ಮಾತನ್ನು ಹೇಳಿ ದೃಶ್ಯವನ್ನು ದಡ ಮುಟ್ಟಿಸಿದಳು. ಸದ್ಯ, ಬಚಾವಾದೆವು ಅಂದುಕೊಂಡೆ.

ಚಹಾ ಕುಡಿಯುತ್ತಿದ್ದಾಗ ನಮ್ಮ ಟೆಲಿಫೋನ್ ನೋಡಿಕೊಳ್ಳುತ್ತಿದ್ದ ಮಾಡ್ ಎಂಬ ಹುಡುಗಿ ಏದುಸಿರು ಬಿಡುತ್ತ ಬಂದಳು.

“ಕ್ವೀನಿ, ಆ ಹುಡುಗ ಯಾರೇ? ಫೋನ್ ಮೇಲೆ ಫೋನ್ ಬರ್ತಿದೆ.”

“ಯಾವ ಹುಡುಗ?”

“ಮುದುಕಿ ಮಾತು ಮರೆತಾಗ ಮಾತಾಡಿದನಲ್ಲ! ‘ಹೊರಗೆ ಚಳಿ, ಬಾಗಿಲು ತೆಗಿ’ ಅಂತ.”

“ಆಗ ದನೀನೇ ಇರಲಿಲ್ಲ ಕಣೇ. ನಾನೇ ಕಡಿದಿದ್ದೆ.”

ಮಾಡ್‌ಳ ಮುಖ ಬಿಳಿಚಿತು. “ಹಾಗಂದ್ರೆ? ಒಬ್ಬಳು ಅದು ನಮ್ಮ ಆಲ್ಫ್ ದನಿ ಅಂತಾಳೆ, ಇನ್ನೊಬ್ಬಳು ನಮ್ಮ ಸಿರಿಲ್ ಅಂತಾಳೆ. ಎಲ್ಲಾ ಯುದ್ಧದಲ್ಲಿ ಹೋದವರು. ಒಬ್ಬಳಂತೂ ‘ಇರಮ್ಮ, ಬಾಗಿಲಲ್ಲಿ ನಿಂತಿದ್ದಾನೆ, ತೆಗೆದು ಬರ್ತೀನಿ’ ಅಂತ ಹೋದಳು. ಫೋನ್ ಹಾಗೇ ಇತ್ತು. ಕಾದೆ, ಕಾದೆ. ವಾಪಸ್ ಬರಲೇ ಇಲ್ಲ.”

ಮಂಗಳವಾರದ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು. ಡೆಪ್ಟ್‌ಫರ್ಡಿನ ವಿಧವೆಯೊಬ್ಬಳು ಮನೆಯ ಚಪ್ಪಲಿಯಲ್ಲೇ ನದಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಮನೆಯ ಬಾಗಿಲು ಹಾರುಹೊಡೆದಿತ್ತು, ಟೆಲಿವಿಷನ್ ಇನ್ನೂ ಚಾಲೂ ಇತ್ತು. ಮರುದಿನ ಹಲ್ ಊರಿನಿಂದ ಅಂಥದೇ ಸುದ್ದಿ. ಅಲ್ಲಿ ಸಮುದ್ರ, ಅಷ್ಟೇ ವ್ಯತ್ಯಾಸ. ಪ್ರಸಾರದ ದನಿ ಕಡಿದು, ಆ ಮೌನದೊಳಗೆ ‘ಬಂದಿದ್ದರೆ ಮಾತಾಡು’ ಎಂದು ಕರೆದವಳು ನಾನು. ಕರೆದಿದ್ದಕ್ಕೆ ಬಂದಿದ್ದರು.

ಪತ್ರಿಕೆ ಹಿಡಿದು ಲಾಕಿಯರ್ ಹತ್ತಿರ ಓಡಿದೆ. “ನಿಲ್ಲಿಸಿಬಿಡಿ ಸ್ವಾಮಿ, ಗುರುವಾರ ಬೇರೇನಾದ್ರೂ ಹಾಕಿ.”

“ಮೇಲಿನವರಿಗೆ ಏನಂತ ಹೇಳಲಿ? ದೆವ್ವ ಬಂದಿತ್ತು ಅಂತಲಾ?” ಎಂದು ರೇಗಿದ. ಸಿಗರೇಟಿಗೆ ಕಡ್ಡಿ ಗೀರಿದ, ಕಡ್ಡಿ ಮುರಿಯಿತು. “ನೀನು ಆ ಗುಂಡಿ ಮುಟ್ಟಬೇಡ. ಅವಳು ಮರೆತರೆ ಎಲ್ಲರಿಗೂ ಕೇಳೋ ಹಾಗೇ ಹೇಳಿಕೊಡು. ಮಾನ ಹೋದ್ರೆ ಹೋಗಲಿ.”

“ನಿಮಗೂ ಕೇಳಿಸ್ತಾ, ಮೇಲಿನ ಕೋಣೇಲಿ?”

“ಏನೂ ಕೇಳಿಸಲಿಲ್ಲ,” ಎಂದ. ಇನ್ನೊಂದು ಕಡ್ಡಿಯೂ ಮುರಿಯಿತು.

ಗುರುವಾರ ಬಣ್ಣದ ಕೋಣೆಯಲ್ಲಿ ಹೆಸ್ಟರ್ ನನ್ನ ಮುಂಗೈ ಹಿಡಿದು ಪಕ್ಕಕ್ಕೆ ಎಳೆದಳು. ಮಾಡ್ ಆಕೆಗೆ ಎಲ್ಲವನ್ನೂ ಒದರಿಬಿಟ್ಟಿದ್ದಳು. ಆ ಬಾಯಿಗೊಂದು ಬೀಗ ಬೇಕಿತ್ತು!

“ಚಿನ್ನ, ಇವತ್ತೂ ನಾನು ಮರೀತೀನಿ. ನೀನು ಗುಂಡಿ ಒತ್ತು. ನಿನ್ನ ಕಿವಿಯದನ್ನ ಬಿಚ್ಚಿ ನನಗೆ ಕೊಡು. ಒಂದೇ ಗಳಿಗೆ.”

“ಆಗಲ್ಲ ಮಿಸೆಸ್ ಪ್ಯಾಸ್ಕೋ. ಇಬ್ಬರು ಸತ್ತಿದ್ದಾರೆ.”

“ಊರವರ ಮಕ್ಕಳೆಲ್ಲ ಮಾತಾಡಿದ್ರು ಕಣೇ! ನನ್ನ ಮಗ ಬಂದಾಗ ನಾನು ಆ ಹಾಳು ದೀಪದ ಕೆಳಗೆ ಬಾಯಿ ಬಿಟ್ಕೊಂಡು ನಿಂತಿದ್ದೆ. ಎಲ್ಲರಿಗೂ ಕೇಳಿಸ್ತು, ನನ್ನೊಬ್ಬಳಿಗೆ ಇಲ್ಲ.”

“ಕೇಳಿಸಿದ್ರೆ ಏನು ಮಾಡ್ತೀರಿ?”

“ಬಾಗಿಲು ತೆಗೀತೀನಿ,” ಎಂದಳು ಹೆಸ್ಟರ್. “ಇನ್ನೇನು ಮಾಡಲಿ? ಹೆತ್ತವಳಲ್ವಾ? ನಿನಗೇನು ಗೊತ್ತು!”

“ನನ್ನ ತಮ್ಮ ರೆಜ್ ಕೂಡ ಅದೇ ಸಮುದ್ರದಲ್ಲಿದ್ದಾನೆ,” ಎಂದೆ. “ನನಗೂ ಗೊತ್ತು. ಅದಕ್ಕೇ ಒತ್ತಲ್ಲ.”

ಆಕೆ ನನ್ನ ಕೈ ಬಿಟ್ಟಳು. ಕನ್ನಡಿಯ ಕಡೆ ತಿರುಗಿ ಪೌಡರ್ ಹಚ್ಚಿಕೊಳ್ಳತೊಡಗಿದಳು. ಅಷ್ಟು ಸುಲಭಕ್ಕೆ ಬಿಟ್ಟಿದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಆ ಸಂಜೆ ದೇಶದಲ್ಲಿ ಎಷ್ಟು ಮನೆಗಳಲ್ಲಿ ಹೆಂಗಸರು ಪೆಟ್ಟಿಗೆಯ ಮುಂದೆ ಮಂಡಿಗೆ ಮಂಡಿ ಹಚ್ಚಿ ಕೂತಿದ್ದರೋ ದೇವರೇ ಬಲ್ಲ. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತ್ತು. ಹೊರಗೆ ಮಂಜು ಕವಿದಿತ್ತು, ಒಳಗೆ ದೀಪಗಳ ಸೆಖೆಗೆ ಬಣ್ಣ ಇಳಿಯುತ್ತಿತ್ತು. ಕೊನೆಯ ದೃಶ್ಯ ಬಂತು. ಹೆಸ್ಟರ್ ಕುರ್ಚಿಯ ಕಡೆ ತಿರುಗಿ ಸುಮ್ಮನಾದಳು. ಮರೆತಿರಲಿಲ್ಲ, ಕಣ್ಣು ನೇರವಾಗಿ ನನ್ನ ಮೇಲಿತ್ತು.

“ಯಾರದು? ಬಂದಿದ್ದರೆ ಮಾತಾಡು,” ಎಂದು ಗುಂಡಿ ಒತ್ತದೆ ಗಟ್ಟಿಯಾಗಿಯೇ ಹೇಳಿಕೊಟ್ಟೆ. ಇಡೀ ಇಂಗ್ಲೆಂಡ್ ಕೇಳಿತು. ಆಕೆ ತುಟಿ ಬಿಚ್ಚಲಿಲ್ಲ. ಮೇಜಿನ ಸುತ್ತ ಕೂತಿದ್ದ ಉಳಿದ ನಟರು ತಲೆ ತಗ್ಗಿಸಿದರು. ಆಮೇಲೆ ಹೆಸ್ಟರ್ ನಡೆಯತೊಡಗಿದಳು. ಮೇಜು ಬಿಟ್ಟು, ಕ್ಯಾಮೆರಾ ದಾಟಿ, ನೆಲದ ತಂತಿಗಳನ್ನು ಮೆಟ್ಟಿಕೊಂಡು ನನ್ನ ಕಡೆಗೇ ಬಂದಳು.

“ಕುರ್ಚಿ ತೋರಿಸು! ಕುರ್ಚಿ ಬಿಟ್ಟು ಕದಲಬೇಡ!” ಎಂದು ನನ್ನ ಕಿವಿಯಲ್ಲಿ ಲಾಕಿಯರ್ ಕ್ಯಾಮೆರಾದವನಿಗೆ ಅರಚುತ್ತಿದ್ದ.

ಹೆಸ್ಟರ್ ನನ್ನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಅದುಮಿದಳು. ಆ ಮುದುಕಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ! ಗುಂಡಿ ಕೆಳಗಿಳಿಯಿತು.

“ಯಾರದು?” ಎಂದಳು, ಅಳುತ್ತ. “ಬಂದಿದ್ದರೆ ಮಾತಾಡಪ್ಪ.”

ಲಾಕಿಯರ್‌ನ ಅರಚಾಟ ತಟ್ಟನೆ ನಿಂತುಹೋಯಿತು. ಹೆಡ್‌ಫೋನಿನಲ್ಲಿ ನೀರಿನ ಸದ್ದು, ದೂರದ್ದು. ಅದರೊಳಗಿಂದ ಒಂದು ದನಿ ಬಂತು.

“ಕ್ವೀನಿ, ಚಳಿ ಕಣೇ. ಬಾಗಿಲು ತೆಗಿ.”

ರೆಜ್! ಊಟಕ್ಕೆ ತಡವಾಗಿ ಬಂದಾಗ ಬೀದಿಬಾಗಿಲಲ್ಲಿ ನಿಂತು ಹೀಗೇ ಗೋಗರೆಯುತ್ತಿದ್ದ. ಹೆಸ್ಟರ್ ಇನ್ನೊಂದು ಕೈಯಿಂದ ಹೆಡ್‌ಫೋನ್ ಎಳೆಯುತ್ತಿದ್ದಳು. ನಾನು ಬಿಡದೆ ಕಿವಿಗೆ ಒತ್ತಿ ಹಿಡಿದುಕೊಂಡೆ. ಆಕೆ ನನ್ನ ಮುಖ ನೋಡಿದಳು, ದನಿ ಬಂದಿದ್ದು ಆಕೆಗೆ ಗೊತ್ತಾಗಿಹೋಯಿತು.

“ಬಂದ, ಅಲ್ವಾ? ಏನಂದ? ಹೇಳೇ, ಏನಂದ?”

ಅಷ್ಟು ವರ್ಷಗಳ ಕೆಲಸದಲ್ಲಿ ಅಲ್ಲಿಯವರೆಗೆ ನಾನು ಯಾರಿಗೂ ಒಂದೇ ಒಂದು ಮಾತನ್ನು ತಪ್ಪಾಗಿ ಎತ್ತಿಕೊಟ್ಟವಳಲ್ಲ.

“ನನಗೇನೂ ಚಳಿಯಿಲ್ಲ ಅಂದ,” ಎಂದೆ. “ನನ್ನನ್ನ ಹುಡುಕ್ಕೊಂಡು ಬರಬೇಡ, ಬಾಗಿಲು ಹಾಕ್ಕೊಂಡು ಬೆಚ್ಚಗೆ ಮಲಗು ಅಂದ.”

“ಅಮ್ಮ ಅಂತ ಕರೆದನಾ?”

“ಕರೆದ.”

ಹೆಸ್ಟರ್‌ಳ ಬೆರಳು ಸಡಿಲವಾಯಿತು. ಕಣ್ಣೊರೆಸಿಕೊಂಡು ದೀಪದ ಕೆಳಗೆ ವಾಪಸ್ಸು ಹೋದಳು. ಗುಂಡಿ ಮೇಲೆದ್ದಿತ್ತು, ದನಿ ಮರಳಿತ್ತು. ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ನಾಟಕದಲ್ಲಿಲ್ಲದ ಮಾತನ್ನು ಇಡೀ ದೇಶಕ್ಕೆ ಕೇಳುವಂತೆ ಹೇಳಿದಳು: “ಸರಿ ಮಗನೇ. ಹುಡುಕಿಕೊಂಡು ಬರುವುದಿಲ್ಲ. ಬಾಗಿಲು ಹಾಕಿಕೊಂಡು ಮಲಗುತ್ತೇನೆ.”

ಮುಂದಿನ ಒಂದು ವಾರದ ಪತ್ರಿಕೆಗಳನ್ನೆಲ್ಲ ತಿರುವಿ ಹಾಕಿದೆ. ನದಿಯ ಸುದ್ದಿ ಇರಲಿಲ್ಲ, ಸಮುದ್ರದ್ದೂ ಇರಲಿಲ್ಲ. ಹೆಸ್ಟರ್ ಹೇಳಿದ್ದನ್ನು ಕೇಳಿ ಆ ಹೆಂಗಸರೆಲ್ಲ ಬಾಗಿಲು ಹಾಕಿಕೊಂಡೇ ಮಲಗಿರಬೇಕು. ಹೆಸ್ಟರ್ ಆ ರಾತ್ರಿ ಮಗುವಿನ ಹಾಗೆ ನಿದ್ದೆ ಮಾಡಿದಳಂತೆ. ಸಿಕ್ಕಾಗಲೆಲ್ಲ ನನ್ನ ಕೆನ್ನೆ ಸವರಿ, “ಅವನಿಗೆ ಚಳಿ ಇಲ್ವಂತೆ, ನೋಡು,” ಎನ್ನುತ್ತಿದ್ದಳು.

ಆಕೆಗೆ ಹೇಳಿಕೊಡಲು ನಾನಿದ್ದೆ. ನನಗೆ ಯಾರಿದ್ದರು? ಈಗಲೂ ಮಂಜು ಕವಿದ ಸಂಜೆ ಬೀದಿಬಾಗಿಲಿನ ಒಳಗಡೆ ನಿಂತು ಚಿಲಕದ ಮೇಲೆ ಕೈಯಿಡುತ್ತೇನೆ. ತೆಗೆಯಬಾರದು, ಚೆನ್ನಾಗಿ ಗೊತ್ತು. ಆದರೆ ಹುಡುಗ ಚಳಿ ಅಂದನಲ್ಲ.