ನಾಲ್ಕು ಬೆರಳಿನ ಮಡಿಕೆ

ಇಂಥ ಕ್ಲೈಮ್ಯಾಕ್ಸನ್ನು ನೀವು ಯಾವ ಟಾಕೀಸಿನಲ್ಲೂ ನೋಡಿರುವುದಿಲ್ಲ, ಬರೆದಿಟ್ಟುಕೊಳ್ಳಿ. ಬಂದೂಕಿಲ್ಲ, ಬೆಂಕಿಯಿಲ್ಲ, ಮಹಡಿಯಿಂದ ಹಾರುವವರೂ ಇಲ್ಲ. ಇರುವುದು ಒಬ್ಬ ಟೈಲರಕ್ಕ, ಒಂದು ಹೊಲಿಗೆ ಮೆಷಿನ್ನು, ಒಂದು ಆಫೀಸನ್ನೇ ಗಡಗಡ ನಡುಗಿಸಿದ ಮೂರೇ ಮೂರು ಸಾಲಿನ ಡೈಲಾಗು. ಹೇಳುತ್ತಿರುವವನು ನಾನು, ಆದ್ದರಿಂದ ಬೋರು ಹೊಡೆಯುವ ಪ್ರಶ್ನೆಯೇ ಇಲ್ಲ.

ಅವಳನ್ನು ಬೀದಿಯವರೆಲ್ಲ ಡೈಲಾಗಕ್ಕ ಅಂತಲೇ ಕರೆಯುವುದು. ಕಸುಬು ಸ್ಕೂಲ್ ಯೂನಿಫಾರಂ ಹೊಲಿಯುವುದು. "ಗುಂಡಿ ಕಿತ್ತೋದ್ರೆ ನನ್ನ ಹತ್ರ ಬಾ, ಗುಂಡಿಗೆ ಕಿತ್ತೋದ್ರೆ ಪಕ್ಕದ ಕ್ಲಿನಿಕ್ಕಿಗೆ ಹೋಗು" ಅನ್ನುವಷ್ಟು ಬಾಯಿ. ಆದರೆ ಮೂವತ್ತೆರಡು ತುಂಬಿದರೂ ಊಟವನ್ನು ಮಾತ್ರ ಯಾರೋ ತಟ್ಟೆ ಕಿತ್ತುಕೊಳ್ಳಲು ಬರುತ್ತಿದ್ದಾರೆ ಅನ್ನುವ ಹಾಗೆ ಗಬಗಬ ಮುಗಿಸುತ್ತಾಳೆ. ಹೆತ್ತವರು ಕೈಬಿಟ್ಟು, ಎಂಟು ತುಂಬುವುದರೊಳಗೆ ಮೂರು ಮನೆ ಸುತ್ತಿ ಬಂದವಳು. ನಾಲ್ಕನೆಯದೇ ದೊಡ್ಡಮ್ಮನ ಮನೆ.

ದೊಡ್ಡಮ್ಮ ಅಂದರೆ ರಕ್ತಸಂಬಂಧವೇನಲ್ಲ. ತನ್ನ ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಇಂಥವೇ ನಾಲ್ಕು ಮಕ್ಕಳನ್ನು ಸಾಕಿ ದಡ ಮುಟ್ಟಿಸಿದ ದರ್ಜಿ. ಮಗು ಬಂದ ದಿನ ಮುದ್ದು ಮಾಡುವುದು, ಕಣ್ಣೀರು ಒರೆಸುವುದು ಇವೆಲ್ಲ ಆ ಹೆಂಗಸಿಗೆ ಬಾರದು. ಟೇಪು ಹಿಡಿದು ಅಳತೆ ತೆಗೆದುಕೊಂಡು, ಒಂದು ಬಟ್ಟೆ ಹೊಲಿದುಕೊಡುವುದಷ್ಟೇ ಗೊತ್ತು. ಗಿರಾಕಿಗಾದರೆ ಅಂಚಿನಲ್ಲಿ ಒಂದು ಬೆರಳು ಅಗಲದ ಒಳಮಡಿಕೆ. ಮನೆಯ ಮಗುವಿಗೆ ನಾಲ್ಕು ಬೆರಳು. ಮಗು ಬೆಳೆದ ಹಾಗೆ ವರ್ಷಕ್ಕೊಂದು ಬೆರಳು ಬಿಚ್ಚುತ್ತಾ ಹೋಗುವುದು. ಎಂಟು ವರ್ಷದ ಡೈಲಾಗಕ್ಕ ಆ ಮಡಿಕೆಯನ್ನು ಮುಟ್ಟಿ ಮುಟ್ಟಿ ನೋಡಿದ್ದಳು. ಕಳಿಸಿಬಿಡುವ ಮಗುವಿಗೆ ಇಷ್ಟು ಬಟ್ಟೆ ಯಾರು ದಂಡ ಮಾಡುತ್ತಾರೆ ಅಂತ ಲೆಕ್ಕ ಹಾಕಿ, ಅವತ್ತು ಮೊದಲ ಸಲ ಕಾಲು ಚಾಚಿ ಮಲಗಿದ್ದಳು.

ಈಗ ದೊಡ್ಡಮ್ಮನ ಕಣ್ಣು ಮಂಜಾಗಿದೆ. ಬಾಯಿ ಮಂಜಾಗಿಲ್ಲ. ಅಂಗಡಿಯ ಮೂಲೆಯಲ್ಲಿ ಕೂತು ಕೈಯಲ್ಲೇ ತಡವಿ ಗುಂಡಿ ವಿಂಗಡಿಸುತ್ತದೆ.

ಹೋದ ತಿಂಗಳು ದಿಕ್ಕಿಲ್ಲದ ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರಿ ಆಫೀಸಿನ ಮೇಡಂ ಏಳು ವರ್ಷದ ಒಂದು ಹುಡುಗಿಯನ್ನು ಕರೆತಂದರು. "ಮೂರೇ ವಾರ. ಆಮೇಲೆ ಹಾಸ್ಟೆಲಲ್ಲಿ ಸೀಟು ಖಾಲಿ ಆಗುತ್ತೆ."

"ಮೂರು ವಾರ ಅಂದ್ರೆ ಮೂರೇ ವಾರ ಮೇಡಂ," ಅಂದಳು ಡೈಲಾಗಕ್ಕ. "ನಮ್ದು ಗೆಸ್ಟ್ ರೋಲು. ಬಂದ್ವಿ, ಕೈ ಬೀಸಿದ್ವಿ, ಹೋದ್ವಿ."

ಮೇಡಂ ಹೋದ ಮೇಲೆ ದೊಡ್ಡಮ್ಮ ಕೆದಕಿತು. "ಪೂರ್ತಿ ಇಟ್ಕೊಂಡ್ರೆ ಏನೇ ನಿಂಗೆ?"

"ತಾಯಿ ಅಂದ್ರೆ ಹೇಗಿರ್ತಾಳೆ ಅಂತ ನಾನೇ ನೋಡಿಲ್ಲ. ನೋಡದೇ ಇರೋ ಡಿಸೈನ್ ಹೊಲಿಯೋಕೆ ಹೋದ್ರೆ ಬಟ್ಟೆ ಹಾಳು."

"ಹಂಗಾದ್ರೆ ಇಷ್ಟು ವರ್ಷ ನಾನ್ಯಾರು, ಗೇಟಲ್ಲಿ ಟಿಕೆಟ್ ಹರಿಯೋಳಾ?"

ಡೈಲಾಗಕ್ಕ ಜೋರಾಗಿ ಮೆಷಿನ್ ತುಳಿದಳು.

ಹುಡುಗಿ ತನ್ನ ಬ್ಯಾಗಿನ ಜಿಪ್ಪು ತೆಗೆಯಲೇ ಇಲ್ಲ. ಕೂತರೆ ಅದರ ಮೇಲೆ, ಮಲಗಿದರೆ ಅದಕ್ಕೆ ತಲೆ, ಅದೂ ಶೂ ಹಾಕಿಕೊಂಡೇ. ದೊಡ್ಡಮ್ಮ ಮೂಟೆ ಅಂತ ಹೆಸರಿಟ್ಟಿತು. ಮೂಟೆಯ ಫ್ರಾಕು ಕಂಕುಳಲ್ಲಿ ಹರಿದಿತ್ತು. ಎರಡನೇ ವಾರ ಉಳಿಕೆ ನೀಲಿ ಬಟ್ಟೆಯಲ್ಲಿ ಡೈಲಾಗಕ್ಕ ಹೊಸದೊಂದು ಹೊಲಿದಳು. ತಲೆಯಲ್ಲಿ ನಲವತ್ತು ಯೂನಿಫಾರಮ್ಮಿನ ಆರ್ಡರು ಓಡುತ್ತಿತ್ತು, ಕೈ ತನ್ನ ಪಾಡಿಗೆ ತಾನು ಹೊಲಿಯುತ್ತಿತ್ತು.

ಮೂಟೆ ಫ್ರಾಕಿನ ಅಂಚು ತಿರುವಿ ನೋಡಿದಳು. "ಇಲ್ಲಿ ಯಾಕೆ ಇಷ್ಟು ಬಟ್ಟೆ ಒಳಗೆ ಹೋಗಿದೆ?"

"ನೀನು ಉದ್ದ ಆದಾಗ ಬಿಚ್ಚೋಕೆ ಕಣೇ. ವರ್ಷಕ್ಕೊಂದು ಬೆರಳು," ಅಂದಳು ಡೈಲಾಗಕ್ಕ, ಹಲ್ಲಲ್ಲಿ ದಾರ ಕಡಿಯುತ್ತಾ.

ಮೂಟೆ ಮಡಿಕೆಯ ಮೇಲೆ ಒಂದೊಂದೇ ಬೆರಳಿಟ್ಟಳು. ಒಂದು, ಎರಡು, ಮೂರು, ನಾಲ್ಕು. ಸದ್ದಿಲ್ಲದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಡೈಲಾಗಕ್ಕ ಇಣುಕಿ ನೋಡಿದರೆ ಬ್ಯಾಗು ಖಾಲಿ. ಗೋಡೆಯ ಗೂಡಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಬಾಚಣಿಗೆ, ಕಿವಿ ಮುರಿದ ಟೀ ಕಪ್ಪು ಸಾಲಾಗಿ ಕೂತಿದ್ದವು. ಶೂ ಬಾಗಿಲ ಬಳಿ.

ಡೈಲಾಗಕ್ಕ ಫ್ರಾಕಿನ ಅಂಚು ಹಿಡಿದು ಮೂಲೆಗೆ ಬಂದಳು. "ದೊಡ್ಡಮ್ಮಾ, ನನ್ನ ಕೈ ಏನೋ ಎಡವಟ್ಟು ಮಾಡ್ತು."

ದೊಡ್ಡಮ್ಮ ಫ್ರಾಕನ್ನು ಇಸಿದುಕೊಂಡು ಅಂಚು ತಡವಿತು. "ಕೈ ಮಾತು ಕೊಟ್ಟಾಯ್ತು. ಇನ್ನು ಬಾಯಿದು ಬಾಕಿ. ಅದೇನು ಕಮ್ಮಿ ಇಲ್ವಲ್ಲ ನಿಂಗೆ."

ಮೂರನೇ ವಾರದ ಶುಕ್ರವಾರ ಮೇಡಂ ಬಂದರು, ಸೀಟು ಸಿಕ್ಕಿದ ಕಾಗದ ಹಿಡಿದು. ಈಗ ನೋಡಿ. ಡೈಲಾಗಕ್ಕ ಕತ್ತರಿಯನ್ನು ಮೇಜಿನ ಮೇಲೆ ಟಪ್ಪನೆ ಇಟ್ಟಳು. ಟೇಪನ್ನು ಹೆಗಲ ಮೇಲೆ ಬೀಸಿ ಹಾಕಿಕೊಂಡಳು. ನಿಧಾನಕ್ಕೆ ತಿರುಗಿದಳು. "ಮೇಡಂ, ಈ ಮನೆಗೆ ಒಳಗೆ ಬರೋ ದಾರಿ ಒಂದೇ ಇರೋದು. ಹೊರಗೆ ಹೋಗೋ ದಾರೀನ ನಾನು ಹೊಲಿದುಬಿಟ್ಟೆ. ನಿಮ್ಮ ಫೈಲು ಬೇಕಾದ್ರೆ ಬಿಚ್ಕೊಳ್ಳಿ, ನನ್ನ ಹೊಲಿಗೆ ಬಿಚ್ಚೋಕೆ ಬರಬೇಡಿ." ಮೇಡಂ ಕೈಯಿಂದ ಪೆನ್ನು ಜಾರಿತು. ತಿರುಗುತ್ತಿದ್ದ ಫ್ಯಾನು ಗೌರವದಿಂದ ನಿಂತಿತು.

ಸರಿ, ಸರಿ. ಹಾಗೆ ದುರುಗುಟ್ಟಬೇಡಿ, ಒಪ್ಪಿಕೊಳ್ಳುತ್ತೇನೆ.

ಫ್ಯಾನು ನಿಂತದ್ದು ಕರೆಂಟು ಹೋಗಿದ್ದಕ್ಕೆ. ಆ ಮೂರು ಸಾಲನ್ನು ಯಾರೂ ಹೇಳಲಿಲ್ಲ, ಅವು ನನ್ನ ಕಡೆಯಿಂದ. ನಿಜಕ್ಕೂ ಆದದ್ದು ಏನೆಂದರೆ, ಶುಕ್ರವಾರ ಬೆಳಗ್ಗೆ ಡೈಲಾಗಕ್ಕನೇ ಮೂಟೆಯ ಸಾಮಾನನ್ನು ಗೂಡಿನಿಂದ ತೆಗೆದು ಬ್ಯಾಗಿಗೆ ತುಂಬಿದಳು. ಹೆದರಿಕೊಂಡಿದ್ದಳು, ಅಷ್ಟೇ. ಮೂಟೆ ಅಳಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಮೇಡಂ ಬಂದು ಕೈ ಚಾಚಿದಾಗ ಒಂದೇ ಒಂದು ಮಾತು ಕೇಳಿದಳು.

"ಈ ಫ್ರಾಕ್ ಇಲ್ಲೇ ಬಿಚ್ಚಿಟ್ಟು ಹೋಗ್ಬೇಕಾ?"

ಡೈಲಾಗಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಬಟ್ಟೆ ಚೂರುಗಳ ನಡುವೆ ನೆಲದ ಮೇಲೆ ಕೂತುಬಿಟ್ಟಳು. ಕೊನೆಗೆ, ತನ್ನದೇ ಮನೆಯಲ್ಲಿ, ಬಂದವರನ್ನು ಕೇಳಿದಳು, "ಮೇಡಂ, ಸ್ವಲ್ಪ ನೀರು ಕೊಡ್ತೀರಾ?"

ಮೇಡಂ ಹೂಜಿ ಹುಡುಕಿ ನೀರು ತಂದುಕೊಟ್ಟರು. ಅರ್ಧ ಲೋಟ ಕುಡಿದ ಮೇಲೆ ದನಿ ಬಂತು. "ಪೂರ್ತಿ ಇಟ್ಕೊಳ್ಳೋಕೆ ಯಾವ ಫಾರಂ?"

"ಅದು ಬೇರೇನೇ ಇದೆ. ಮನೆ ನೋಡೋಕೆ ಬರ್ತಾರೆ, ಎರಡು ತಿಂಗಳಾದ್ರೂ ಬೇಕು. ಕೊಟ್ಟೇ ಕೊಡ್ತಾರೆ ಅಂತ ನಾನು ಹೇಳೋಕಾಗಲ್ಲ."

"ಅಲ್ಲೀ ತನಕ?"

"ಇಲ್ಲೇ ಇರಲಿ. ನಾನು ಬರ್ಕೊಳ್ತೀನಿ."

ಮೂಟೆ ಓಡಿಬಂದು ತಬ್ಬಿಕೊಳ್ಳಲಿಲ್ಲ. "ಇನ್ನೊಂದ್ಸಲ ಹೇಳಿ," ಅಂದಳು. ಮೇಡಂ ಫೈಲು ಮುಚ್ಚಿ, ಅವಳ ಮುಖ ನೋಡಿ ಇನ್ನೊಂದು ಸಲ ಹೇಳಿದರು. ಅದೂ ಸಾಲದೆ ಮೂಟೆ ಮೂಲೆಗೆ ಹೋಗಿ ದೊಡ್ಡಮ್ಮನ ಕಿವಿಯಲ್ಲಿ ಹೌದಾ ಅಂತ ಕೇಳಿದಳು. ದೊಡ್ಡಮ್ಮ ಹೂಂ ಅಂದಿತು. ಡೈಲಾಗಕ್ಕ ಮಾತ್ರ ನೆಲದ ಮೇಲಿಂದ ಎದ್ದಿರಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಅಳುತ್ತಿದ್ದಳು.